ಬೆಳಗದ ಕೋಡು

ಮರಿಗಳ ಕಿವಿಗೆ ಕಚ್ಚು ಹಾಕುವ ದಿನ ಮಲ್ಲೇಶ್ವರಿ ಅಂಗಳಕ್ಕೆ ಬರುವಂತಿಲ್ಲ. ಹಾಗೆಂದು ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯ ತೀರಿಯೇ ಎಷ್ಟೋ ವರ್ಷವಾಯಿತು. ಅತ್ತೆ ಸುಂದರಬಾಯಿ ಚಾಕು ಮಸೆಯುವ ಸಪ್ಪಳ ಕಿವಿಗೆ ಬಿದ್ದದ್ದೇ ತಡ, ಅವಳು ಹಿಟ್ಟಿನ ಕೈಯಲ್ಲೇ ಒಲೆಯ ಮುಂದಿನಿಂದ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹೊರಗೆ ಗಂಡ ಅನೀಲಕುಮಾರ ಮರಿಯನ್ನು ಮೊಣಕಾಲುಗಳ ನಡುವೆ ಅಮುಕಿ ಹಿಡಿಯುತ್ತಾನೆ. ಸುಂದರಬಾಯಿ ಎಡಗಿವಿಯ ಅಂಚಿಗೆ ಒಂದು ಕಚ್ಚು ಹಾಕಿ, ಎಣ್ಣೆಯಲ್ಲಿ ಕಲಸಿದ ಅರಿಶಿಣ ಹಚ್ಚಿ ಬಿಡುತ್ತಾಳೆ. ಎಡಗಿವಿಯಲ್ಲಿ ಕಚ್ಚಿದ್ದರೆ ಅದು ಡಾಬಕಾದ ಧೊಂಡಿಬಾನ ಮನೆಯ ಕುರಿ. ಧೊಂಡಿಬಾ ತೀರಿಹೋದರೂ ಅವನ ಗುರುತು ಗಡಿಯಾಚೆ ಮಹಾರಾಷ್ಟ್ರದ ಸಂತೆಯಲ್ಲೂ ನಡೆಯುತ್ತದೆ.

ಈ ಕಟ್ಟಳೆ ಬಂದದ್ದು ಮಗಳು ಶೀತಲ ಹೊಟ್ಟೆಯಲ್ಲಿದ್ದ ವರ್ಷ. ಆಗ ಮಾವ ಧೊಂಡಿಬಾನ ಬಲಗೈ ಜಾಲಿಮುಳ್ಳು ಚುಚ್ಚಿ ಬಾತುಕೊಂಡಿತ್ತು. ಸುಂದರಬಾಯಿ ಮಗನನ್ನು ಕರೆದುಕೊಂಡು ಪರವೂರಿಗೆ ಯಾರದೋ ಮಣ್ಣಿಗೆ ಹೋಗಿದ್ದಳು. ಬೆಳಗಾದರೆ ಹಿಂಡನ್ನು ಬೇರೆಯವರ ಹಿಂಡಿನ ಜೊತೆ ಮೇಯಲು ಹೊಡೆಯಬೇಕು. ಗುರುತಿಲ್ಲದ ಮರಿಗಳು ಬೆರೆತರೆ ಯಾವುದು ಯಾರದೆಂಬ ತಕರಾರು ದೀಪಾವಳಿಯವರೆಗೂ ಮುಗಿಯುವುದಿಲ್ಲ. ತುಂಬಿದ ಬಸುರಿ ಮಲ್ಲೇಶ್ವರಿ ತಾನೇ ಚಾಕು ಹಿಡಿದಳು. ಬಸುರಿ ಹೆಂಗಸು ಮರಿಯ ಕಿವಿಗೆ ಚಾಕು ತಾಗಿಸಬಾರದೆಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿತ್ತು. ಕೆಲಸ ಆಗಬೇಕಿತ್ತು, ಮಾಡಿದಳು. ಸೊಸೆಯ ಕಚ್ಚು ಎಷ್ಟು ಅಚ್ಚುಕಟ್ಟು ಎಂದು ಧೊಂಡಿಬಾ ಊರೆಲ್ಲ ಹೊಗಳಿಕೊಂಡು ಬಂದ. ಮುಂದೆ ಕೂಸು ತಾಟು ಬಿದ್ದ ಸಪ್ಪಳಕ್ಕೂ ತಿರುಗಿ ನೋಡದೆ ಹೋದಾಗ ಆ ಹೊಗಳಿಕೆಯೇ ಸಾಕ್ಷಿಯಾಗಿ ಎದುರು ನಿಂತಿತು.

"ಇಕಿ ಮರಿ ಕಿವಿ ಕೊಯ್ದಳು, ದೇವರು ಕೂಸಿನ ಕಿವಿ ಕೊಯ್ದ," ಎಂದಳು ಸುಂದರಬಾಯಿ. ಬೇರೆ ಯಾವ ಅತ್ತೆಯಾದರೂ ಅಂದಿದ್ದರೆ ಮಲ್ಲೇಶ್ವರಿ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದಳೇನೋ. ಆದರೆ ಸುಂದರಬಾಯಿ ಅವಳಿಗೆ ಅತ್ತೆಯಾಗುವ ಮೊದಲು ಹಡೆದವ್ವನ ಅವ್ವ. ಮಲ್ಲೇಶ್ವರಿಯ ತಾಯಿ ಈರಮ್ಮ ಸುಂದರಬಾಯಿಯ ಹಿರಿಯ ಮಗಳು. ಅನೀಲಕುಮಾರ ಕೊನೆಯ ಮಗ. ಮೊಮ್ಮಗಳನ್ನು ಮಗನಿಗೆ ತಂದುಕೊಳ್ಳಬೇಕೆಂದು ಹಟ ಹಿಡಿದು ಖಟಕ ಚಿಂಚೋಳಿಯಿಂದ ಡಾಬಕಾಕ್ಕೆ ಕರೆತಂದವಳೂ ಸುಂದರಬಾಯಿಯೇ. ಎತ್ತಿ ಆಡಿಸಿದ ಕೈಯೇ ತೋರಿಸಿ ಹೇಳಿದ ಮೇಲೆ ನಂಬದೆ ಇರುವುದು ಹೇಗೆ? ಮಲ್ಲೇಶ್ವರಿ ನಂಬಿದಳು. ತಾನು ಕಚ್ಚು ಹಾಕಿದ ಕುರಿಗಳು ಹಿಂಡಿನಲ್ಲಿ ಬದುಕಿರುವವರೆಗೂ ಅವು ಎದುರಾದರೆ ಮುಖ ಆಚೆ ಮಾಡುತ್ತಿದ್ದಳು. ಅವುಗಳಲ್ಲಿ ಕೊನೆಯದು ಸತ್ತ ದಿನ ಅವಳಿಗೆ ಹೊಟ್ಟೆ ತುಂಬ ಊಟ ಸೇರಿತ್ತು.

ಈ ಯಾವುದೂ ಶೀತಲಳಿಗೆ ಗೊತ್ತಿಲ್ಲ. ಅವಳ ಕಾರಣಕ್ಕೆ ಈ ಮನೆಯಲ್ಲಿ ನಡೆದ ಜಗಳವೆಲ್ಲ ಅವಳಿಗೆ ಕೇಳಿಸದೆಯೇ ನಡೆದಿತ್ತು. ಅವ್ವನಿಗೆ ರಕ್ತ ಕಂಡರೆ ಆಗದು, ಅದಕ್ಕೆ ಒಳಗೆ ಹೋಗಿ ಕೂರುತ್ತಾಳೆ ಎಂದುಕೊಂಡಿದ್ದ ಹುಡುಗಿ, ಅವ್ವನ ಜೊತೆಗಿರಲೆಂದು ತಾನೂ ಒಳಗೆ ಬಂದು ಗೋಡೆಗೆ ಒರಗಿ ಮೊಬೈಲು ತೆಗೆದಳು.

ಶೀತಲ ಬೀದರಿನ ಕಿವುಡ ಮಕ್ಕಳ ಶಾಲೆಯಲ್ಲಿ ಓದಿ, ಭಾಲ್ಕಿಯಲ್ಲಿ ವಿಜ್ಞಾನ ತೆಗೆದುಕೊಂಡು ಪಿಯುಸಿ ಮುಗಿಸಿ, ಫಲಿತಾಂಶ ಕಾಯುತ್ತ ಮನೆಯಲ್ಲಿದ್ದಳು. ಕಾಯುವ ಹೊತ್ತನ್ನೆಲ್ಲ 'ಮಿಬು ಲ್ಯಾಂಡ್' ಎಂಬ ಆಟ ನುಂಗುತ್ತಿತ್ತು. ಅದರಲ್ಲಿ ಮಿಬು ಎಂಬ ಆರು ಕಾಲಿನ ಪ್ರಾಣಿಗಳನ್ನು ಸಾಕಬೇಕು. ಕುರಿಯಂತೆ ಉಣ್ಣೆ, ಹರಿಣದಂತೆ ಮುಖ, ನೆತ್ತಿಯ ಮೇಲೆ ಒಂದೇ ಕೋಡು. ಕತ್ತಲಾದರೆ ಕೋಡು ದೀಪದ ಹಾಗೆ ಬೆಳಗುತ್ತದೆ. ಆ ಬೆಳಕಿನಲ್ಲಿ ಅವು ಗುಡ್ಡ ಹತ್ತಿ ಹೂವು ಮೇಯ್ದು ಬರುತ್ತವೆ. ಕುರಿಯವರ ಮನೆಯ ಮಗಳು ಮೊಬೈಲಿನಲ್ಲೂ ಹೋಗಿ ಹೋಗಿ ಹಿಂಡು ಕಾಯುವುದನ್ನೇ ಹುಡುಕಿಕೊಂಡಳಲ್ಲ ಎಂದು ಅನೀಲಕುಮಾರ ನಗುತ್ತಿದ್ದ.

ತೊಂದರೆ ಏನೆಂದರೆ, ಬೆಳಗುವ ಕೋಡಿನ ಎರಡು ಮಿಬುಗಳಿಗೆ ಒಮ್ಮೊಮ್ಮೆ ಕೋಡು ಬೆಳಗದ ಮರಿ ಹುಟ್ಟುತ್ತಿತ್ತು. ಆಟ ಮೋಸ ಮಾಡುತ್ತದೆ ಎಂದು ಆಡುವವರೆಲ್ಲ ಬೈಯುತ್ತಿದ್ದರು. ಬೈದು, ಆ ಮರಿಯನ್ನು ಅಳಿಸಿ ಹಾಕುತ್ತಿದ್ದರು. ಶೀತಲ ಅಳಿಸುತ್ತಿರಲಿಲ್ಲ. ಅಂಥವಕ್ಕೆಲ್ಲ ಹೊಳೆಯ ದಂಡೆಯಲ್ಲಿ ಒಂದು ಬೇರೆ ಹೊಲ ಮಾಡಿ ಬಿಟ್ಟಿದ್ದಳು. ಆಟ ಮೋಸ ಮಾಡುತ್ತಿಲ್ಲ, ತಾನು ಓದಿದ ಬಟಾಣಿ ಗಿಡದ ಪಾಠವನ್ನೇ ಆಟ ಮಾಡಿದವರೂ ಓದಿದ್ದಾರೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಅದನ್ನು ವಿವರಿಸಿ ಒಂದು ವಿಡಿಯೋ ಮಾಡಿದ್ದಳು. ಅವಳ ವಿಡಿಯೋಗಳಲ್ಲಿ ದನಿ ಇರುವುದಿಲ್ಲ. ಎರಡು ಕೈ, ಕೆಲವು ಸಾಮಾನು, ಕೆಳಗೆ ಕನ್ನಡದ ಸಾಲುಗಳು. ಯಾವುದನ್ನು ಮಾಡಿದರೂ ಮೊದಲು ಅವ್ವನಿಗೆ ತೋರಿಸುವುದು ರೂಢಿ. ಅವ್ವನಿಗೆ ತಿಳಿದರೆ ಎಲ್ಲರಿಗೂ ತಿಳಿಯುತ್ತದೆ ಎಂಬುದು ಅವಳ ಲೆಕ್ಕ. ಇದರಲ್ಲಿ ಹೊಗಳಿಕೆ ಎಷ್ಟು, ಗೇಲಿ ಎಷ್ಟು ಎಂದು ಮಲ್ಲೇಶ್ವರಿ ಕೇಳಲು ಹೋಗಿಲ್ಲ.

ಹೊರಗೆ ಮರಿಯೊಂದು ಚೀರಿತು. ಮಲ್ಲೇಶ್ವರಿ ಮೊಬೈಲಿನ ಕಡೆ ಬಾಗಿದಳು. ಪರದೆಯ ಮೇಲೆ ತನ್ನದೇ ಅಡುಗೆಮನೆಯ ಸ್ಟೀಲಿನ ಬಟ್ಟಲುಗಳು ಕಂಡು, "ಅಯ್ಯ, ಇವೇನ ಇಲ್ಲಿ ಬಂದಾವ," ಎಂದು ಕೈ ತಿರುವಿದಳು. ಶೀತಲ ನಕ್ಕು, ನೋಡು ಎಂದು ಸನ್ನೆ ಮಾಡಿದಳು.

ಪ್ರತಿ ಬಟ್ಟಲೂ ಒಂದು ಮಿಬು. ಪ್ರತಿ ಬಟ್ಟಲಲ್ಲೂ ಎರಡು ಕಾಳು. ಬಿಳಿ ಜೋಳದ ಕಾಳೆಂದರೆ ಬೆಳಕು, ಕರಿ ಉದ್ದಿನ ಕಾಳೆಂದರೆ ಬೆಳಕಿಲ್ಲ. ಒಂದು ಬಿಳಿ ಕಾಳಿದ್ದರೂ ಸಾಕು, ಕೋಡು ಬೆಳಗುತ್ತದೆ. ಪಕ್ಕದಲ್ಲಿ ಕರಿ ಕಾಳು ಅಡಗಿ ಕೂತಿದ್ದರೆ ಹೊರಗಿನವರಿಗೆ ತಿಳಿಯುವುದೇ ಇಲ್ಲ. ಮರಿ ಹುಟ್ಟುವಾಗ ತಾಯಿ ಒಂದು ಕಾಳು ಕೊಡುತ್ತದೆ, ತಂದೆ ಒಂದು ಕಾಳು ಕೊಡುತ್ತದೆ. ಎರಡೂ ಬೆಳಗುವ ಕೋಡಿನವೇ ಆಗಿದ್ದು, ಎರಡರ ಬಟ್ಟಲಲ್ಲೂ ಒಂದೊಂದು ಕರಿ ಕಾಳು ಅಡಗಿದ್ದರೆ? ವಿಡಿಯೋದಲ್ಲಿ ಶೀತಲಳ ಎರಡು ಕೈಗಳು ಎರಡು ಬಟ್ಟಲಿನಿಂದ ಒಂದೊಂದು ಕರಿ ಕಾಳು ಎತ್ತಿ ಮೂರನೆಯ ಬಟ್ಟಲಿಗೆ ಹಾಕಿದವು. ಪಾಠದ ಪುಸ್ತಕ ಈ ಅಡಗಿದ ಗುಣವನ್ನು 'ದುರ್ಬಲ' ಎನ್ನುತ್ತದೆ, ನಾನು ಹಾಗೆ ಅನ್ನುವುದಿಲ್ಲ ಎಂದು ಕೆಳಗೆ ಒಂದು ಸಾಲು ಬಂದು ಹೋಯಿತು.

ಕೆಲವರ ಹಿಂಡಿನಲ್ಲಿ ಮಾತ್ರ ಕೋಡು ಬೆಳಗದ ಮರಿಗಳು ಏಕೆ ಹೆಚ್ಚು ಎಂಬುದಕ್ಕೂ ಉತ್ತರವಿತ್ತು. ತಮ್ಮ ಹಿಂಡೇ ಚೆಂದವೆಂದು ಹೊರಗಿನ ಮಿಬುವನ್ನು ಸೇರಿಸದವರ ಹಿಂಡಿನಲ್ಲಿ ಒಂದೇ ಅಜ್ಜಿಯ ಕರಿ ಕಾಳು ಎಲ್ಲರ ಬಟ್ಟಲಿಗೂ ಹರಿದು ಬಂದಿರುತ್ತದೆ. ಕರಿ ಕಾಳಿಗೆ ಕರಿ ಕಾಳು ಸುಲಭವಾಗಿ ಸಿಗುತ್ತದೆ.

ವಿಡಿಯೋ ಮುಗಿಯಿತು. ತಿಳಿಯಿತೇ ಎಂದು ಶೀತಲ ಹುಬ್ಬೆತ್ತಿದಳು. ಮಲ್ಲೇಶ್ವರಿ ತಲೆ ಆಡಿಸಲಿಲ್ಲ. ಬದಲಿಗೆ, ತಾಯಿ-ಮಗಳು ಶೀತಲಳ ಬಾಲ್ಯದಿಂದ ತಾವೇ ಕೂಡಿಸಿಕೊಂಡ ಸನ್ನೆಯಲ್ಲಿ ಕೇಳಿದಳು: ಕೋಡು ಬೆಳಗದ್ದಕ್ಕೆ ತಾಯಿಯದೇ ತಪ್ಪಲ್ಲವೇ?

ಶೀತಲ ಎರಡು ಬೆರಳು ಎತ್ತಿದಳು. ಇಬ್ಬರೂ. ಒಬ್ಬರೇ ಕೊಟ್ಟರೆ ಆಗುವುದಿಲ್ಲ.

ತಾಯಿ ಹೊಟ್ಟೆಯಲ್ಲಿ ಮರಿ ಇಟ್ಟುಕೊಂಡು ಮಾಡಬಾರದ್ದು ಏನಾದರೂ ಮಾಡಿದ್ದರೆ?

ಹುಡುಗಿಗೆ ನಗು ಬಂತು. ಮೊಬೈಲಿನಲ್ಲಿ ಬರೆದು ತೋರಿಸಿದಳು. ಅವಳು ಮಾತು ಕೇಳಿ ಕಲಿತವಳಲ್ಲ, ಪುಸ್ತಕ ನೋಡಿ ಕಲಿತವಳು. ಡಾಬಕಾದಲ್ಲಿ ಹುಟ್ಟಿಯೂ ಪಾಠಪುಸ್ತಕದ ಹಾಗೆ ಬರೆಯುತ್ತಾಳೆ. "ಮಿಬು ಏನು ಮಾಡಲು ಸಾಧ್ಯ? ಕಾಳುಗಳು ಮೊದಲ ದಿನವೇ ಬಿದ್ದಿರುತ್ತವೆ. ಆಮೇಲೆ ತಾಯಿ ಏನು ಮಾಡಿದರೂ ಅವು ಬದಲಾಗುವುದಿಲ್ಲ."

ಮಲ್ಲೇಶ್ವರಿ ಆ ಸಾಲುಗಳನ್ನು ಬೆರಳಿಟ್ಟು ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಬಾಗಿಲ ಕಡೆ ತೋರಿಸಿ, ತನ್ನ ಹೊಟ್ಟೆ ತೋರಿಸಿ, ಬೆರಳಿನಿಂದ ಕಿವಿಯ ಅಂಚು ಕೊಯ್ದಂತೆ ಮಾಡಿ, ಮಗಳನ್ನು ತೋರಿಸಿದಳು. ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದು ನಾಲ್ಕು ಸನ್ನೆಯಲ್ಲಿ ಮುಗಿದುಹೋಯಿತು. ಶೀತಲ ಮೊದಲು ಅರ್ಥವಾಗದೆ ನೋಡಿದಳು. ಅರ್ಥವಾದ ಮೇಲೆ ಅವಳ ನಗು ನಿಂತಿತು. ಅವಳು ಎದ್ದು ಅಡುಗೆಮನೆಗೆ ಹೋಗಿ ಬಟ್ಟಲುಗಳನ್ನು ತಂದಳು.

ಈ ಸಲ ಮಿಬುಗಳಿರಲಿಲ್ಲ. ಅಜ್ಜ-ಅಜ್ಜಿಗೆ, ಮುತ್ತ್ಯಾ ಧೊಂಡಿಬಾ, ಆಯಿ ಸುಂದರಬಾಯಿ ಎಂದು ಎರಡು ಬಟ್ಟಲು. ಕೆಳಗೆ ಈರಮ್ಮ, ಅನೀಲಕುಮಾರ. ಈರಮ್ಮನ ಕೆಳಗೆ ಮಲ್ಲೇಶ್ವರಿ. ಮೇಲಿನ ಇಬ್ಬರಲ್ಲಿ ಯಾರೋ ಒಬ್ಬರಿಂದ ಹೊರಟ ಕರಿ ಕಾಳು ಮಗಳ ಬಟ್ಟಲಿಗೊಂದು, ಮಗನ ಬಟ್ಟಲಿಗೊಂದು ಬಿದ್ದು, ಮಗಳಿಂದ ಮೊಮ್ಮಗಳಿಗೆ ಇಳಿದು, ಕೊನೆಗೆ ಎರಡು ದಾರಿಯಿಂದಲೂ ಬಂದು ಒಂದೇ ಬಟ್ಟಲಲ್ಲಿ ಕೂಡಿದವು. ಆ ಬಟ್ಟಲನ್ನು ಶೀತಲ ತನ್ನ ಮಡಿಲಲ್ಲಿಟ್ಟುಕೊಂಡಳು. ಅವ್ವನ ಕೈ ಹಿಡಿದು, ಅದರಿಂದ ಚಾಕು ಕಿತ್ತುಕೊಂಡು ದೂರ ಎಸೆದಂತೆ ಮಾಡಿದಳು. ಮಲ್ಲೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತದ್ದು ದುಃಖಕ್ಕಲ್ಲ. ತಾನು ತಪ್ಪಿತಸ್ಥೆ ಅಲ್ಲ ಎಂದು ಅವಳಿಗೆ ಹೇಳಿದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ.

ಆದರೆ ಶೀತಲ ಇನ್ನೂ ಮುಗಿಸಿರಲಿಲ್ಲ. ಮಲ್ಲೇಶ್ವರಿಯ ಬಟ್ಟಲಿನ ಪಕ್ಕದಲ್ಲಿ ಇನ್ನೊಂದು ಇಟ್ಟಳು. ಸಂಜು ಮಾಮಾ. ಅದರಲ್ಲಿ ಒಂದು ಬಿಳಿ ಕಾಳು ಹಾಕಿ, ಎರಡನೆಯದನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದಳು. ಬಿಳಿಯೋ ಕರಿಯೋ, ಯಾರಿಗೆ ಗೊತ್ತು?

ಸಂಜುಕುಮಾರ ಮಲ್ಲೇಶ್ವರಿಯ ತಮ್ಮ, ಭಾಲ್ಕಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಶೀತಲಳನ್ನು ಅವನಿಗೆ ಕೊಡಬೇಕೆಂದು ಸುಂದರಬಾಯಿ ನಿಶ್ಚಯಿಸಿಬಿಟ್ಟಿದ್ದಳು. ಬರುವ ಸೋಮವಾರ ಅವನೂ ಅಪ್ಪನೂ ಮಾತು ಪಕ್ಕಾ ಮಾಡಲು ಸಕ್ಕರೆ ತೆಗೆದುಕೊಂಡು ಬರುವವರಿದ್ದರು. ಸಕ್ಕರೆ ಹಂಚಿದ ಮೇಲೆ ಹಿಂದೆ ಸರಿಯುವ ಪದ್ಧತಿ ಇವರಲ್ಲಿಲ್ಲ. ಬೇಡವೆಂದು ಶೀತಲ ಕೈ ಮಾಡಿ ಹೇಳಿದಾಗ ಸುಂದರಬಾಯಿ ಮುಖ ತಿರುಗಿಸಿಕೊಂಡಿದ್ದಳು. ಶೀತಲಳ ಮಾತು ನಿಲ್ಲಿಸಲು ಅಷ್ಟು ಸಾಕು. ಮಲ್ಲೇಶ್ವರಿಯೂ ಅರೆಮನಸ್ಸಿನಿಂದ ಒಪ್ಪಿದ್ದಳು. ತಮ್ಮ ಒಳ್ಳೆಯವನು, ಮಗಳು ಕಣ್ಣ ಮುಂದೆ ಇರುತ್ತಾಳೆ, ತಾನು ಮಾಡಿದ ಪಾಪಕ್ಕೆ ಇಷ್ಟಾದರೂ ಪರಿಹಾರ ಎಂದುಕೊಂಡು.

ಕಿವುಡ ಕೂಸು ಹುಟ್ಟುತ್ತದೆ ಎಂಬ ಹೆದರಿಕೆಗೆ ಬೇಡವೆನ್ನುತ್ತೀಯಾ ಎಂದು ಈಗ ಅವಳು ಕೇಳಿದಳು. ಶೀತಲ ಬಹಳ ಹೊತ್ತು ಬರೆದು ಮೊಬೈಲು ಕೊಟ್ಟಳು.

"ಕಿವುಡ ಮಗು ಹುಟ್ಟಿದರೆ ನನಗೆ ಬೇಸರವಿಲ್ಲ. ಅದಕ್ಕೆ ಎಲ್ಲವನ್ನೂ ಕಲಿಸುತ್ತೇನೆ. ಆದರೆ ಮನೆಯವರು ಆಗ ಯಾರ ಮೇಲೆ ತಪ್ಪು ಹೊರಿಸುತ್ತಾರೆ? ನಾನೂ ಹೀಗೆ ಬಾಗಿಲು ಹಾಕಿಕೊಂಡು ಕೂರಬೇಕೇ? ಇನ್ನೊಂದು ವಿಷಯ. ಸಂಜು ಮಾಮಾ ನನ್ನ ಮೂಗು ಒರೆಸಿ ಬೆಳೆಸಿದವನು. ಅವನು ನನಗೆ ಮಾಮನಾಗಿಯೇ ಬೇಕು. ನಾನು ಬೀದರಿಗೆ ಹೋಗಿ ಓದುತ್ತೇನೆ."

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಲ್ಲೇಶ್ವರಿ ಗಂಡನ ತಾಟಿಗೆ ರೊಟ್ಟಿ ಹಾಕಿ, ಪುಂಡಿಪಲ್ಯ ಬಡಿಸಿ, ಅತ್ತೆಯ ಎದುರು ಕುಳಿತಳು. ಮದುವೆಗೆ ಮೊದಲು ಅವಳು ಆಯಿಗೆ 'ನೀ' ಅನ್ನುತ್ತಿದ್ದಳು, ಸೊಸೆಯಾದ ಮೇಲೆ 'ನೀವು'.

"ಆಯಿ, ಒಂದ ಮಾತ ಕೇಳ್ತೇನಿ. ಸಿಟ್ಟಾಗಬ್ಯಾಡ್ರಿ."

"ಕೇಳು. ನಾ ಯಾವಾಗ ಸಿಟ್ಟಾಗೀನಿ?" ಎಂದಳು ಸುಂದರಬಾಯಿ. ಅನೀಲಕುಮಾರ ತಲೆ ತಗ್ಗಿಸಿ ರೊಟ್ಟಿ ಮುರಿದ.

"ನಮ್ಮ ಟಗರು ಚಿಂತಾಕಿ ಊರಿನ ಮಂದಿಗಿ ಕೊಟ್ಟು, ಅವ್ರ ಟಗರು ನಾವು ಯಾಕ ತರ್ತೇವ್ರಿ?"

"ಇದೇನ ಕೇಳ್ತಿ, ಕುರಿಯವರ ಮನಿ ಹೆಣಮಗಳಾಗಿ? ಟಗರು ಬದಲ ಮಾಡಲಿಲ್ಲಂದ್ರ ಅದು ತನ್ನ ಮಕ್ಕಳ ಜತಿನೇ ಕೂಡ್ತದ. ಮರಿ ಸೊರಗತಾವ. ಕುಂಟ ಹುಟ್ಟತಾವ, ಕುರುಡ ಹುಟ್ಟತಾವ. ನಿಮ್ಮ ಮಾವ ಇದ್ರಾಗ ಭಾಳ ಹುಷಾರ ಇದ್ದ. ನೆರಿಹೊರಿ ಟಗರು ಸೈತ ಬ್ಯಾಡ, ದೂರಿಂದೇ ಬೇಕು ಅಂತಿದ್ದ..." ಮಾತು ಹರಿದು ಬರುತ್ತಿದ್ದ ಮುದುಕಿ ನಡುವೆ ಸೊಸೆಯ ಮುಖ ನೋಡಿದಳು. ಸೊಸೆ ಕಣ್ಣು ಕೆಳಗೆ ಮಾಡಲಿಲ್ಲ.

"ಕುರಿ ಬ್ಯಾರಿ, ಮನಷ್ಯಾರು ಬ್ಯಾರಿ," ಎಂದಳು ಸುಂದರಬಾಯಿ.

"ಹ್ಯಾಂಗ ಬ್ಯಾರಿ ಆಯಿ? ನಾನು ನಿನ್ನ ಮಗಳ ಮಗಳು. ನನಗ ನಿನ್ನ ಮಗನಿಗೇ ತಂದಿ. ನಂದೂ ಇವರದೂ ಒಂದೇ ರಕ್ತ. ಶೀತಲಗ ಕಿವಿ ಕೇಳಲಿಲ್ಲಂದ್ರ ಇಬ್ಬರ ಕಡಿಂದ ಬಂದದ್ದು ಕೂಡೇದ. ನಾ ಚಾಕು ಹಿಡಿದದ್ದಕ್ಕ ಆಗಿಲ್ಲ. ನಂದೊಬ್ಬಾಕಿದೇ ಕಸೂರ್ ಅಲ್ಲ."

"ಇದೆಲ್ಲ ಯಾರ ಹೇಳ್ಯಾರ ನಿನಗ?"

"ಶೀತಲ ಹೇಳ್ಯಾಳ. ಅಕಿ ಆಟದಾಗ..."

"ಆಟದಾಗ!" ಸುಂದರಬಾಯಿ ತಾಟು ಸರಿಸಿದಳು. "ಮೊಬೈಲದಾಗಿನ ಆರು ಕಾಲಿನ ಪ್ರಾಣಿ ನೋಡಿ ನನ್ನ ಮೊಮ್ಮಗಳ ಲಗ್ನ ನಿಂದ್ರಸ್ತೀರೇನ? ಕಿವಿ ಕೇಳಲಾರದ ಹುಡಿಗಿನ ಹೊರಗಿನವ್ರು ಬಾಳಸ್ತಾರೇನ? ಸಂಜು ಆದ್ರ ನಮ್ಮ ಈರಮ್ಮನ ಮಗ. ನಮ್ಮಂವ."

"ಅವ್ವಾ, ಅಕಿ ಹೇಳೋದು ಜರಾ ಕೇಳಿದ್ರ..." ಎಂದು ಅನೀಲಕುಮಾರ ಶುರು ಮಾಡಿದ. ತಾಯಿ ಅವನ ಕಡೆ ತಿರುಗಿದ್ದೇ, ಇನ್ನೊಂದು ರೊಟ್ಟಿ ಬೇಕೆಂದು ಕೈ ಚಾಚಿದ. ಕುರಿಗಳ ಎದುರು ಹುಲಿಯಂತಿರುವ ಮನುಷ್ಯ ಅವ್ವನ ಎದುರು ಯಾವಾಗಲೂ ಹಸಿದಿರುತ್ತಾನೆ.

"ಸೋಮವಾರ ಅವ್ರು ಬರ್ತಾರ. ಸಕ್ಕರಿ ಹಂಚೋದು ಹಂಚೋದೇ," ಎಂದು ಸುಂದರಬಾಯಿ ಎದ್ದಳು.

ಮುದುಕಿಯ ಸಿಟ್ಟು ಎಷ್ಟು ಸೊಸೆಯ ಮೇಲಿನದು, ಎಷ್ಟು ತನ್ನ ಮೇಲಿನದು ಎಂದು ಹೇಳುವುದು ಕಷ್ಟ. ಆ ದಿನದಿಂದ ಅವಳು ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಬೆಳಗಾದರೆ ದೊಡ್ಡಿಯ ಕಲ್ಲಿನ ಮೇಲೆ ಕೂತು, ಚಿಂತಾಕಿಯಿಂದ ತಂದ ಟಗರು ಕುರಿಗಳ ನಡುವೆ ಅಡ್ಡಾಡುವುದನ್ನು ನೋಡುತ್ತಿದ್ದಳು. ಚಹಾ ಕೊಟ್ಟರೆ ಕುಡಿದಳು, ಬಟ್ಟಲು ತಿರುಗಿ ಕೊಡುವಾಗ ಮಲ್ಲೇಶ್ವರಿಯ ಮುಖ ನೋಡಲಿಲ್ಲ. ಮಲ್ಲೇಶ್ವರಿಯೂ ಮಾತಾಡಿಸಲಿಲ್ಲ. ಆದರೆ ಅವಳ ನಡಿಗೆ ಬೇರೆಯಾಗಿತ್ತು. ದೊಡ್ಡಿಯ ಕಸ ಹೊಡೆಯುವಾಗ ಹಾಡಿನಂಥದೇನೋ ಗುನುಗುತ್ತಿದ್ದಳು. ಅದು ಸುಂದರಬಾಯಿಗೆ ಕೇಳಿಸುತ್ತಿತ್ತು.

ಭಾನುವಾರ ಸಂಜೆ ಶೀತಲ ಕಟ್ಟೆಯ ಮೇಲೆ ಕೂತು ಮಿಬುಗಳಿಗೆ ಮೇವು ಹಾಕುತ್ತಿದ್ದಳು. ಸುಂದರಬಾಯಿ ಬಂದು ಅವಳ ಎದುರಿಗೇ ಕುಳಿತಳು. ಪಕ್ಕದಲ್ಲಿ ಕುಳಿತರೆ ಮೊಮ್ಮಗಳ ಕೈ ಕಾಣುವುದಿಲ್ಲ ಎಂಬಷ್ಟು ಅವಳಿಗೂ ಗೊತ್ತು. ಮೊಬೈಲು ತೋರಿಸಿ, ಹಾಕು ಎಂದು ಕೈ ಮಾಡಿದಳು. ಜೋಳ ಆರಿಸುತ್ತಿದ್ದ ಮಲ್ಲೇಶ್ವರಿ ಮೊರ ಕೆಳಗಿಟ್ಟಳು.

ಸುಂದರಬಾಯಿಗೆ ಓದಲು ಬರುವುದಿಲ್ಲ. ವಿಡಿಯೋದ ಕೈಗಳನ್ನೇ ನೋಡಿದಳು, ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿದಳು. ಕತ್ತಲ ಗುಡ್ಡ ಹತ್ತುವ ಮಿಬುಗಳನ್ನು ಕಂಡು, "ಉಣ್ಣಿ ಚಲೋ ಅದ," ಎಂದಳು. ಹೊಳೆಯ ದಂಡೆಯ ಹೊಲದ ಕಡೆ ಬೆರಳಿಟ್ಟಳು. "ಇವ್ಯಾಕ ಬ್ಯಾರಿ ಇಟ್ಟಾಳ?"

"ಅವಕ್ಕ ಕೋಡ ಬೆಳಗಲ್ಲರಿ. ಆಡೋ ಮಂದಿ ಅಂಥವು ತಗದ ಹಾಕ್ತಾರಂತ. ಇಕಿ ಒಂದೂ ತಗದಿಲ್ಲ," ಎಂದಳು ಮಲ್ಲೇಶ್ವರಿ.

ಸುಂದರಬಾಯಿ ಆ ಹೊಲವನ್ನು ನೋಡುತ್ತ ಕುಳಿತಳು. ಬೆಳಕಿಲ್ಲದ ಕೋಡಿನ ಮರಿಗಳು ನೀರಿಗೆ ಮೂತಿ ಇಟ್ಟು ನಿಂತಿದ್ದವು. ಶೀತಲ ಒಳಗೆ ಹೋಗಿ ಬಟ್ಟಲುಗಳನ್ನು ತಂದು, ಅವ್ವನಿಗೆ ತೋರಿಸಿದ್ದನ್ನೇ ಆಯಿಗೂ ತೋರಿಸಿದಳು. ಈ ಸಲ ಸುಂದರಬಾಯಿ ಮುಖ ತಿರುಗಿಸಲಿಲ್ಲ. ಮೇಲಿನ ಎರಡು ಬಟ್ಟಲಲ್ಲಿ ಕರಿ ಕಾಳು ಯಾವುದರಲ್ಲಿತ್ತು ಎಂದು ಬೆರಳು ಮಾಡಿ ಕೇಳಿದಳು. ಶೀತಲ ಹೆಗಲು ಹಾರಿಸಿದಳು. ಗೊತ್ತಿಲ್ಲ.

"ಮುತ್ತ್ಯಾಂದೇ ಇರಬೇಕು," ಎಂದಳು ಸುಂದರಬಾಯಿ ತಕ್ಷಣ. "ಆ ಮನಷ್ಯಾಗ ಎಷ್ಟ ಕರದ್ರೂ ಓ ಅಂತಿರಲಿಲ್ಲ."

ಮಲ್ಲೇಶ್ವರಿಗೆ ನಗು ತಡೆಯಲಾಗಲಿಲ್ಲ. ಮುದುಕಿಯೂ ನಗಲು ಹೋದಳು, ನಗು ಬರಲಿಲ್ಲ. ತೋರಿಸಲೆಂದು ಶೀತಲ ಸುಮ್ಮನೆ ಧೊಂಡಿಬಾನ ಬಟ್ಟಲಿಗೆ ಹಾಕಿದ್ದ ಕರಿ ಕಾಳನ್ನು ಎರಡು ಬೆರಳಿನಲ್ಲಿ ಎತ್ತಿ ಅಂಗೈ ಮೇಲಿಟ್ಟುಕೊಂಡಳು. ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಉದಗೀರ ಕಡಿ ನನ್ನ ತವರಾಗ ಒಬ್ಬ ಕಾಕಾ ಇದ್ದ," ಎಂದಳು. ಹೇಳುತ್ತಿದ್ದದ್ದು ಮಲ್ಲೇಶ್ವರಿಗೆ, ನೋಡುತ್ತಿದ್ದದ್ದು ಕಾಳನ್ನು. "ಅಂವಗ ಭೀ ಕೇಳ್ತಿರಲಿಲ್ಲ, ಮಾತ ಬರ್ತಿರಲಿಲ್ಲ. ಹಿಂಡಿನ ಜತಿ ಹೋದಂವ ಹಿಂಡಿನ ಜತಿನೇ ಬರ್ತಿದ್ದ. ನಮಗ ಸಣ್ಣವರಿಗಿ ಹೆಗಲ ಮ್ಯಾಲ ಹೊತ್ತಕೊಂಡು ಕುಣಿತಿದ್ದ. ಅಂವನ ಹೆಸರ ಈ ಮನ್ಯಾಗ ನಾ ಒಮ್ಮಿ ಭೀ ತಗದಿಲ್ಲ."

ಮಲ್ಲೇಶ್ವರಿ ಮೊರವನ್ನು ಆಚೆ ತಳ್ಳಿದಳು. ಕೇಳಬೇಕಾದ ಮಾತು ಬಾಯಿಗೆ ಬಂದಿತ್ತು: ಗೊತ್ತಿದ್ದೂ ಇಷ್ಟು ವರ್ಷ ನನ್ನನ್ನು ಒಳಗೆ ಕೂಡಿಸಿದೆಯಲ್ಲ? ಅವಳಿಗೆ ಸಿಟ್ಟು ಬಂತು. ಆದರೆ ಮುದುಕಿ ಆ ಕಾಳನ್ನು ಧೊಂಡಿಬಾನ ಬಟ್ಟಲಿಗೆ ತಿರುಗಿ ಹಾಕಲಿಲ್ಲ. ತನ್ನ ಬಟ್ಟಲಿಗೆ ಹಾಕಿದಳು. ಸಣ್ಣ ಸಪ್ಪಳವಾಯಿತು. ಶೀತಲಳಿಗೆ ಅದು ಕೇಳಿಸಲಿಲ್ಲ, ಕಣ್ಣಿಗೆ ಕಂಡಿತು. ಅವಳು ಆಯಿಯ ಮೊಣಕಾಲ ಮೇಲೆ ಕೈ ಇಟ್ಟಳು.

ಸೋಮವಾರ ಸಂಜುಕುಮಾರ ಅಪ್ಪನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಬಂದ. ಇಸ್ತ್ರಿ ಮಾಡಿದ ಅಂಗಿ ಅವನಿಗೆ ಒಗ್ಗಿರಲಿಲ್ಲ. ಉಗುರಿನ ಸಂದಿಯ ಕಪ್ಪು ಎಣ್ಣೆಯನ್ನು ಮುಚ್ಚಲು ಕೈ ಜೇಬಿನಲ್ಲಿಟ್ಟುಕೊಂಡಿದ್ದ. ಶೀತಲಳನ್ನು ಕಂಡೊಡನೆ ಅಭ್ಯಾಸದಂತೆ ಅವಳ ಜಡೆ ಎಳೆಯಲು ಹೋಗಿ, ಬಂದ ಕೆಲಸ ನೆನಪಾಗಿ ಕೈ ಹಿಂದೆ ತೆಗೆದುಕೊಂಡ. ಸಕ್ಕರೆಯ ಚೀಲ ಕಟ್ಟೆಯ ಮೇಲೆ ಕೂತಿತು. ಎಲ್ಲರೂ ಚಹಾ ಕುಡಿದರು. ಮಾತು ತೆಗೆಯಬೇಕಾದವಳು ಸುಂದರಬಾಯಿ.

"ಅಳಿಯಾ, ಒಂದ ವಿಷಯ," ಎಂದು ಅವಳು ಮಲ್ಲೇಶ್ವರಿಯ ಅಪ್ಪನ ಕಡೆ ತಿರುಗಿದಳು. "ಚಿಂತಾಕಿಯಾಗ ಒಂದು ಹೆಣ್ಣು ಅದ ಅಂತ ಕೇಳೀನಿ. ನಾವು ಟಗರು ತರ್ತೇವಲ್ಲ, ಆ ಊರು. ಚಲೋ ಮನಿತನ, ನಮಗ ಏನೂ ಸಂಬಂಧ ಇಲ್ಲ. ಸಂಜುಗ ಅಲ್ಲಿ ನೋಡ್ರಿ."

"ಮತ್ತ ಇದು? ನೀವೇ ಕರಸೀರಲ್ರಿ ಅತ್ತಿ?"

"ಕರಸೀನಿ. ಈಗ ನಾನೇ ಬ್ಯಾಡ ಅಂತೇನಿ. ಶೀತಲ ಬೀದರಿಗಿ ಓದಲಾಕ ಹೋಗ್ತಾಳ. ಮುಂದ ಅಕಿ ಲಗ್ನ ಅಕಿನ ಕೇಳಿ ಮಾಡಮು."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅದಕ್ಕೆ ಮೊದಲು ಸಂಜುಕುಮಾರ ದೊಡ್ಡ ಉಸಿರು ಬಿಟ್ಟ. ಅದು ಎಲ್ಲರಿಗೂ ಕೇಳಿಸಿತು. "ಆಯಿ, ಆ ಸಕ್ಕರಿ ಇಲ್ಲೇ ಇರಲಿ. ಅಕಿ ಪಾಸ್ ಆದ್ರ ಹಂಚ್ರಿ," ಎಂದ. ಈ ಸಲ ಶೀತಲಳ ಜಡೆಯನ್ನು ನಿಜವಾಗಿಯೇ ಎಳೆದ. ಅವಳು ಅವನ ಬೆನ್ನಿಗೆ ಗುದ್ದಿದಳು.

ಬಂದವರು ಊಟಕ್ಕೆ ಕುಳಿತಾಗ ಸುಂದರಬಾಯಿ ದೊಡ್ಡಿಗೆ ಹೋದಳು. ಹಿಂದಿನ ಸಲ ತೀರ ಎಳೆಯವೆಂದು ಬಿಟ್ಟಿದ್ದ ಎರಡು ಮರಿಗಳಿಗೆ ಕಚ್ಚು ಹಾಕುವುದು ಬಾಕಿ ಇತ್ತು. ಚಾಕು ಕಲ್ಲಿಗೆ ತಿಕ್ಕುವ ಸಪ್ಪಳ ಕೇಳಿಸಿತು. ಬಡಿಸುತ್ತಿದ್ದ ಮಲ್ಲೇಶ್ವರಿ ಸಾರಿನ ಸೌಟು ಕೆಳಗಿಟ್ಟು, ತನಗೆ ಅರಿವಿಲ್ಲದೆಯೇ ಒಳಕೋಣೆಯ ಕಡೆ ಹೆಜ್ಜೆ ಹಾಕಿದಳು.

"ಮಲ್ಲೀ," ಎಂದು ಹೊರಗಿನಿಂದ ಕೂಗು ಬಂತು. "ಹೊರಗ ಬಾ."

ಅವಳು ಅಂಗಳಕ್ಕೆ ಬಂದಳು. ಸುಂದರಬಾಯಿ ಕಲ್ಲಿನ ಮೇಲೆ ಕೂತು, ಕರಿ ಮರಿಯೊಂದನ್ನು ಮೊಣಕಾಲುಗಳ ನಡುವೆ ಹಿಡಿದುಕೊಂಡಿದ್ದಳು. ಚಾಕುವಿನ ಹಿಡಿ ಸೊಸೆಯ ಕಡೆಗಿತ್ತು.

"ನನಗ ಕಣ್ಣ ಮಂಜಾಗ್ಯಾವ," ಎಂದಳು. "ನಿನ್ನ ಕಚ್ಚು ಅಚ್ಚುಕಟ್ಟ ಅಂತ ನಿಮ್ಮ ಮಾವ ಅಂತಿದ್ದ."

ಮಲ್ಲೇಶ್ವರಿ ಚಾಕು ತೆಗೆದುಕೊಂಡಳು. ಮರಿಯ ಕಿವಿ ಬಿಸಿಯಾಗಿತ್ತು, ಬೆರಳ ನಡುವೆ ಅದುರುತ್ತಿತ್ತು. ಕಟ್ಟೆಯ ಮೇಲೆ ಶೀತಲ ಎದ್ದು ನಿಂತು ನೋಡುತ್ತಿದ್ದಳು. ಮಲ್ಲೇಶ್ವರಿ ಒಂದು ಕಚ್ಚು ಹಾಕಿದಳು. ಮರಿ ಒಮ್ಮೆ ಚೀರಿ, ಅರಿಶಿಣ ಹಚ್ಚಿದೊಡನೆ ತಲೆ ಕೊಡವಿ ತಾಯಿಯ ಕಡೆ ಓಡಿತು. ಎರಡನೆಯದೂ ಹಾಗೆಯೇ ಆಯಿತು. ಕೈಗೆ ರಕ್ತ, ಎಣ್ಣೆ, ಅರಿಶಿಣ ಮೆತ್ತಿಕೊಂಡಿತ್ತು. ತಂಬಿಗೆಗಾಗಿ ಅವಳು ಅತ್ತಿತ್ತ ನೋಡಿದಳು.

ಸುಂದರಬಾಯಿ ಆಗಲೇ ಮೊಣಕಾಲಿಗೆ ಕೈ ಊರಿ ಎದ್ದಿದ್ದಳು. ಹಂಡೆಯಿಂದ ತಂಬಿಗೆ ತುಂಬಿಕೊಂಡು ಬಂದು, ಸೊಸೆಯ ಕೈಗಳ ಮೇಲೆ ತಾನೇ ನೀರು ಹಾಕಿದಳು. ಕೈ ಸ್ವಚ್ಛವಾದ ಮೇಲೂ ತಂಬಿಗೆ ಖಾಲಿಯಾಗುವವರೆಗೆ ಹಾಕುತ್ತಲೇ ಇದ್ದಳು.